ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹದಿನಾಲ್ಕು ನಿಮಿಷ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ವಿಮಾನದಲ್ಲಿ ಹದಿನಾಲ್ಕು ನಿಮಿಷದ ಹಾದಿ. ಈ ಲೆಕ್ಕ ಹಾಕಿದವನು ನಾನೇ. ಹಾಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಎರಡು ಊರುಗಳ ನಡುವೆ ವಿಮಾನ ಓಡಾಡಿದ್ದನ್ನು ಅಂದು ಯಾರೂ ಕಂಡಿರಲಿಲ್ಲ, ಇಂದಿಗೂ ಕಂಡಿಲ್ಲ. ಆದರೂ ಆ ಹದಿನಾಲ್ಕು ನಿಮಿಷ ನನ್ನ ಬಾಯಲ್ಲಿ ಮಗ್ಗಿಯಂತೆ ಕೂತುಬಿಟ್ಟಿತ್ತು. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾನು ಕೊಳಗಲ್ಲಿನ ಒಕ್ಕಲು ಮನೆಯವನು. ಯುದ್ಧದ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಮಾಸ್ತರಿಕೆಯ ತರಬೇತಿಗೆ ಇದ್ದೆ. ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ, ಮೆಣಸಿನಕಾಯಿ ಮಂಡಿಯ ಮೇಲಿನ ಕೋಣೆಯಲ್ಲಿ ವಾಸ. ಕೆಳಗಿನ ಘಾಟಿಗೆ ಸೀನುತ್ತ ಪಾಠ ಓದಿದ್ದೇ ಓದಿದ್ದು. ಆಗ ಊರಾಚೆಯ ಬಯಲಿಗೆ ದಂಡಿನ ವಿಮಾನಗಳು ಬಂದು ಇಳಿಯುತ್ತಿದ್ದವು. ಸದ್ದು ಕೇಳಿದರೆ ಸಾಕು, ತಕ್ಕಡಿ ಹಿಡಿದ ವ್ಯಾಪಾರಿಯೂ ಹಾಗೆಯೇ ಕತ್ತೆತ್ತುತ್ತಿದ್ದ. ಉಳಿದವರು ನೋಡಿ ಮರೆತರು. ನನಗೆ ಮಾತ್ರ ಅದು ಹುಚ್ಚಾಯಿತು. ವಾಚನಾಲಯದ ಪತ್ರಿಕೆಯಲ್ಲಿ ವಿಮಾನ ಗಂಟೆಗೆ ಎಷ್ಟು ಮೈಲಿ ಹಾರುತ್ತದೆ, ಮದರಾಸಿನಿಂದ ಮುಂಬಯಿಗೆ ಎಷ್ಟು ಹೊತ್ತು ಎಂದೆಲ್ಲ ಓದಿಕೊಂಡು ಬಂದು, ಕಂಡ ಕಂಡ ಊರಿನ ನಡುವೆ ಗಾಳಿಯಲ್ಲಿ ಗೆರೆ ಎಳೆಯತೊಡಗಿದೆ.

ಗೆರೆ ಎಳೆಯಲು ನಕಾಶೆ ಬೇಕಲ್ಲ. ಅದೂ ಬ್ರೂಸ್‌ಪೇಟೆಯಲ್ಲೇ ಸಿಕ್ಕಿತು. ಒಬ್ಬ ಅಂಗಡಿಯವನು ಬೆಲ್ಲ ಕಟ್ಟಿಕೊಡಲೆಂದು ಹಳೇ ಕಾಗದದ ಕಟ್ಟಿನಿಂದ ಒಂದು ದೊಡ್ಡ ಹಾಳೆ ಎಳೆದ. ನೋಡಿದರೆ ಬಳ್ಳಾರಿ ಜಿಲ್ಲೆಯ ನಕಾಶೆ, ಹಿಂದೆ ಬಟ್ಟೆ ಅಂಟಿಸಿದ್ದು, ಮದರಾಸು ಸರ್ಕಾರದ ಮುದ್ರೆಯದು. ಹರಿಯುವ ಮೊದಲೇ ಅವನ ಕೈ ಹಿಡಿದೆ. ಬೆಲ್ಲವನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು, ನಕಾಶೆಯನ್ನು ಎದೆಗವಚಿಕೊಂಡು ಕೋಣೆಗೆ ಬಂದೆ. ಅದಕ್ಕೊಂದು ಕೆಂಪು ನೂಲು ಮಾಡಿಕೊಂಡೆ. ಐದೈದು ಮೈಲಿಗೆ ಒಂದು ಗಂಟು. ಎರಡು ಊರಿನ ಚುಕ್ಕೆಗಳ ಮೇಲೆ ನೂಲು ಬಿಗಿದು ಹಿಡಿದರೆ ದೂರ ಎಷ್ಟೆಂದು ಗೊತ್ತಾಗುತ್ತಿತ್ತು. ಬಳ್ಳಾರಿಯಿಂದ ಸಿರುಗುಪ್ಪ ಮೂವತ್ತನಾಲ್ಕು ಮೈಲಿ, ಅಂದರೆ ಹದಿನಾಲ್ಕು ನಿಮಿಷ.

ನಮ್ಮಪ್ಪ ಮೈಲಿಯಲ್ಲಿ ಮಾತಾಡಿದವನೇ ಅಲ್ಲ. ಹತ್ತಿರವಿದ್ದರೆ ಕೂಗಳತೆ, ದೂರವಾದರೆ ಹರದಾರಿ, ಇನ್ನೂ ದೂರವಾದರೆ ‘ಹೊತ್ತು ಹುಟ್ಟಾಕ ಬಿಟ್ರ ದೀಪ ಹಚ್ಚೋದ್ರಾಗ ಮುಟ್ತೀ’ ಎನ್ನುವುದು. ಅದರಲ್ಲೂ ಮಳೆಗಾಲದ ಹರದಾರಿ ಬೇರೆ, ಬೇಸಗೆಯ ಹರದಾರಿ ಬೇರೆ. ಒಂದೇ ದಾರಿ ಒಮ್ಮೆ ಎರಡು ಹರದಾರಿ, ಇನ್ನೊಮ್ಮೆ ಮೂರು ಹೇಗಾಗುತ್ತದೆ ಎಂದು ನಾನು ನಗುತ್ತಿದ್ದೆ. ಅಪ್ಪ ನನ್ನನ್ನು ನೋಡಿ, ಓದಿದವನಿಗೆ ಹೇಳುವುದೇನು ಎಂಬಂತೆ ಎತ್ತಿಗೆ ಮೇವು ಹಾಕಲು ಹೋಗುತ್ತಿದ್ದ. ಅಪ್ಪನ ಲೆಕ್ಕದೊಳಗೆ ಕೆಸರಿತ್ತು, ಹಳ್ಳವಿತ್ತು, ಎತ್ತಿನ ದಣಿವಿತ್ತು. ನನ್ನ ಲೆಕ್ಕದೊಳಗೆ ನೂಲೊಂದೇ ಇತ್ತು.

ತರಬೇತಿ ಮುಗಿದು ಕುರುಗೋಡಿನ ಶಾಲೆಗೆ ಮಾಸ್ತರನಾಗಿ ಬಂದೆ. ಕೆಲ ವರ್ಷಗಳ ಮೇಲೆ ಮದುವೆಯಾಯಿತು. ಹೆಣ್ಣು ಸಿರುಗುಪ್ಪದ ಸೋದರಮಾವನ ಮಗಳೇ. ಚಿಕ್ಕಂದಿನಿಂದ ನೋಡಿದವಳು, ಹಾಗಾಗಿ ನನ್ನ ಮೇಲೆ ಅವಳಿಗೆ ಹೆದರಿಕೆ ಏನೂ ಇರಲಿಲ್ಲ. ಬಂದ ಹೊಸತರಲ್ಲಿ ಗೋಡೆಯ ನಕಾಶೆಯ ಮುಂದೆ ನಿಲ್ಲಿಸಿಕೊಂಡು ನನ್ನ ವಿದ್ಯೆ ತೋರಿಸಿದೆ. ಬಳ್ಳಾರಿಯಿಂದ ನಿಮ್ಮೂರಿಗೆ ವಿಮಾನದಲ್ಲಿ ಹದಿನಾಲ್ಕು ನಿಮಿಷ, ಕುರುಗೋಡಿನಿಂದಾದರೆ ಎಂಟೇ ನಿಮಿಷ ಎಂದೆ. ಅವಳು ಹೇಳಿದಳು:

“ಹಂಗಾದ್ರ ಒಲಿ ಮ್ಯಾಲೆ ಬ್ಯಾಳಿ ಇಟ್ಟು, ಹೋಗಿ ನಮ್ಮವ್ವನ ಮಾತಾಡ್ಸಿ, ಬ್ಯಾಳಿ ಬೇಯೋದ್ರಾಗ ತಿರುಗಿ ಬರಬಹುದು ಬಿಡ್ರಿ.”

ಅಂದಿನಿಂದ ನನಗೆ ಗಾಳಿ ಮಾಸ್ತರು ಎಂದು ಹೆಸರಿಟ್ಟಳು. ಬೇಳೆ ಬೇಯುವುದು ತಡವಾದಾಗಲೆಲ್ಲ, ಇಷ್ಟು ಹೊತ್ತಿಗೆ ನಾನು ಸಿರುಗುಪ್ಪಕ್ಕೆ ಎರಡು ಸಲ ಹೋಗಿ ಬರುತ್ತಿದ್ದೆ ಎಂದು ಕೆಣಕುತ್ತಿದ್ದಳು. ಅವಳು ಮನೆಯಲ್ಲಿದ್ದಷ್ಟು ದಿನ ನನ್ನ ಹುಚ್ಚು ನಗೆಯ ಮಾತಾಗಿತ್ತು, ಅದರಿಂದ ಯಾರಿಗೂ ಕೇಡಾಗಿರಲಿಲ್ಲ.

ಮೊದಲ ಬಸಿರು. ಏಳು ತಿಂಗಳು ತುಂಬಿದಾಗ ಮಾವ ಬಂದು ತವರಿಗೆ ಕರೆದೊಯ್ದರು. ಕುರುಗೋಡಿನಿಂದ ಸಿರುಗುಪ್ಪಕ್ಕೆ ಮೋಟಾರು ಇರಲಿಲ್ಲ. ಬಾದನಹಟ್ಟಿಯ ಮೇಲೆ ಆರು ಮೈಲಿ ಹೋದರೆ ಬಳ್ಳಾರಿ ಸಿರುಗುಪ್ಪದ ದೊಡ್ಡ ರಸ್ತೆ ಸಿಗುತ್ತಿತ್ತು. ಆ ಕೂಡುರಸ್ತೆಯಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಕಾದು ಮೋಟಾರು ಹಿಡಿಯಬೇಕು. ನಾನೂ ಗಾಡಿಯ ಜೊತೆಗೆ ಅಲ್ಲಿಯವರೆಗೆ ನಡೆದು ಹೋದೆ. ಮೋಟಾರಿನ ಧೂಳು ದೂರದಲ್ಲಿ ಕಂಡಾಗ ಅವಳು, ದಸರೆಯ ರಜೆಗೆ ಬರುತ್ತೀರಲ್ಲ ಎಂದಳು. ರಜೆ ಸಿಕ್ಕಿದ ದಿನವೇ ಹೊರಡುತ್ತೇನೆ, ಮೋಟಾರು ಗೀಟಾರು ಕಾಯುವುದಿಲ್ಲ, ಕುರುಗೋಡಿನಿಂದ ನೇರ ಇಪ್ಪತ್ತೇ ಮೈಲಿ, ಹೊಲ ಹಿಡಿದು ನಡೆದುಬಿಡುತ್ತೇನೆ ಎಂದೆ.

“ಬ್ಯಾಡ್ರಿ,” ಎಂದಳು. “ರಸ್ತಾ ಹಿಡದ ಬರ್ರಿ. ನಾ ಮಾಳಿಗಿ ಮ್ಯಾಲೆ ನಿಂತು ಮೋಟಾರಿನ ಧೂಳ ನೋಡ್ತಿರ್ತೀನಿ. ಹೊಲದಾಗ ಬಂದ್ರ ನನಗೆಂಗ ಕಾಣ್ತೀರಿ?”

ನಾನು ನಕ್ಕೆ. ಮಾವ ಅವಳ ಕೈ ಹಿಡಿದು ಮೋಟಾರು ಹತ್ತಿಸಿದರು.

ನಮ್ಮ ಕಡೆಯ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ಹೆರಿಗೆಗೆ ತವರಿಗೆ ಬಂದ ಮಗಳು ತಂದೆ ತಾಯಿಯ ಕೈಯಲ್ಲಿ ಅಮಾನತು ಇಟ್ಟ ಒಡವೆಯಂತೆ. ಆರೈಕೆ ಅವರದು, ಮಾತು ಗಂಡನ ಮನೆಯದು. ಸೂಲಗಿತ್ತಿಯನ್ನು ಕರೆಯುವುದು, ಕಷಾಯ ಕೊಡುವುದು ಎಲ್ಲ ಅವರ ಇಷ್ಟ. ಆದರೆ ಆಸ್ಪತ್ರೆಗೆ ಒಯ್ದು ಕತ್ತಿ ಮುಟ್ಟಿಸಬೇಕೆಂದರೆ ಗಂಡ ಬಂದು ಹೂಂ ಅನ್ನಬೇಕು. ಹಾಗೆ ಅನ್ನಿಸಿಕೊಳ್ಳದೆ ಒಯ್ದು, ಏನಾದರೂ ಹೆಚ್ಚು ಕಡಿಮೆಯಾದರೆ, ಬೀಗರ ಮುಂದೆ ತಲೆ ಎತ್ತುವಂತಿಲ್ಲ. ಇದನ್ನು ಎಲ್ಲೂ ಬರೆದಿರಲಿಲ್ಲ, ಆದರೂ ಮೀರಿದವರನ್ನು ನಾನು ನೋಡಿರಲಿಲ್ಲ.

ಹಸ್ತ ಮಳೆಯ ಕಾಲ. ದಸರೆಗೆ ಇನ್ನೂ ಎಂಟು ದಿನವಿತ್ತು. ಬೆಳಿಗ್ಗೆ ಶಾಲೆಯ ಪ್ರಾರ್ಥನೆಗೆ ಗಂಟೆ ಬಾರಿಸುವ ಹೊತ್ತಿಗೆ ಮಾವನ ಮನೆಯ ಆಳು ಅಂಗಳಕ್ಕೆ ಬಂದು ನಿಂತ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಹುಡುಗನಾಗಿದ್ದಾಗ ಸೇರಿ ಅದೇ ಮನೆಯಲ್ಲಿ ನರೆ ಬರುವಷ್ಟು ದುಡಿದವನು. ಸಂಜೆಯ ಮೋಟಾರು ಹೋದ ಮೇಲೆ ಅವನನ್ನು ಕಳಿಸಿದ್ದರು. ಇಪ್ಪತ್ತನಾಲ್ಕು ಮೈಲಿ ರಸ್ತೆಯನ್ನು ರಾತ್ರಿಯೆಲ್ಲ ನಡೆದು ಬಂದಿದ್ದ. ಅವನ ಪಾದಗಳು ಬಾತು ಹೋಗಿದ್ದವು. ಟವೆಲ್ಲಿನ ಗಂಟಿನಿಂದ ಚೀಟಿ ತೆಗೆದು ಕೊಟ್ಟ. ಎರಡು ದಿನದಿಂದ ನೋವು, ಕೂಸು ಅಡ್ಡವಾಗಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಬಳ್ಳಾರಿಗೆ ಒಯ್ಯಬೇಕು ಅನ್ನುತ್ತಾರೆ, ಕಂಡ ಕೂಡಲೇ ಹೊರಟು ಬಾ ಎಂದು ಮಾವ ಬರೆಸಿದ್ದರು.

ಅವನು ಉಸಿರು ತಿರುಗಿಸಿಕೊಂಡು, ಈಗ ಬಿಟ್ಟರೆ ಹತ್ತು ಗಂಟೆಗೆ ಕೂಡುರಸ್ತೆ ಮುಟ್ಟಬಹುದು, ಅಲ್ಲಿ ಮೋಟಾರು ಸಿಗುತ್ತದೆ ಎಂದ. ಸಿರುಗುಪ್ಪದ ಕಡೆಯ ಮೋಟಾರು ಅಲ್ಲಿಗೆ ಬರುವುದು ಮಧ್ಯಾಹ್ನ ದಾಟಿದ ಮೇಲೆ, ಅದೂ ಬಂದರೆ ಬಂತು. ನನ್ನ ತಲೆಯಲ್ಲಿ ಆಗಲೇ ನೂಲು ಬಿಗಿಯಾಗಿತ್ತು. ಮರದ ಕೆಳಗೆ ನಾಲ್ಕು ತಾಸು ಕೈಕಟ್ಟಿ ಕೂರುವ ಬದಲು ನೇರ ನಡೆದರೆ ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿರುತ್ತದೆ. ಇಪ್ಪತ್ತು ಮೈಲಿ, ತಾಸಿಗೆ ಮೂರರಂತೆ ಏಳು ತಾಸು. ಮೂರು ಗಂಟೆಗೆ ಸಿರುಗುಪ್ಪ. ಊರ ಪಕ್ಕದ ಗುಡ್ಡದ ಹಿಂದಿನಿಂದ ನೇರ ಹೋಗುತ್ತೇನೆ ಎಂದೆ.

“ಅತ್ತಾಗ ಹೋಗಬ್ಯಾಡ್ರಿ ಮಾಸ್ತರ,” ಎಂದ ಅವನು. “ಡ್ಯಾಮಿನ ಕಾಲುವಿ ಕಡ್ಯಾಕತ್ತಾರ. ಮಳಿನೂ ಆಗೈತಿ. ದಾಟಾಕ ದಾರಿ ಇಲ್ಲ.”

ನಾನು ಏನು ಮಾಡಿದೆ ಗೊತ್ತೇ? ಶಾಲೆಯೊಳಗೆ ಹೋಗಿ, ಮನೆಯಿಂದ ತಂದು ಅಲ್ಲಿ ತೂಗುಹಾಕಿದ್ದ ನಕಾಶೆಯನ್ನು ನೋಡಿ ಬಂದೆ. ಹೆಂಡತಿ ಸಾಯುತ್ತಿದ್ದಾಳೆಂದು ಚೀಟಿ ಬಂದಿರುವಾಗ ನಕಾಶೆ ನೋಡಿದೆ. ಅದರಲ್ಲಿ ಕಾಲುವೆ ಇರಲಿಲ್ಲ. ಇರುವುದಾದರೂ ಹೇಗೆ, ಅದು ನಾನು ಹುಟ್ಟುವ ಮೊದಲು ಅಚ್ಚಾದ ಹಾಳೆ. ಇದು ಆ ಹೊತ್ತಿಗೆ ಹೊಳೆಯಲಿಲ್ಲ. ರಾತ್ರಿಯಿಡೀ ಆ ಸೀಮೆಯಲ್ಲೇ ನಡೆದು ಬಂದವನ ಮಾತಿಗಿಂತ ಬೆಲ್ಲ ಕಟ್ಟುವ ಕಾಗದ ನನಗೆ ದೊಡ್ಡದಾಯಿತು. ಅವನಿಗೆ, ಕುಂದ್ರು, ಕಾಲು ಬಾತಾವು, ಇವತ್ತು ಇಲ್ಲೇ ಮಲಗಿ ನಾಳೆ ಬಾ ಎಂದು ಹೇಳಿ, ಜಗಲಿಯ ಮೇಲೆ ಚಾಪೆ ಹಾಕಿಸಿಕೊಟ್ಟು ಹೊರಟೆ.

ಮೊದಲೆರಡು ತಾಸು ಚೆನ್ನಾಗಿಯೇ ನಡೆದೆ. ಜೋಳದ ಹೊಲಗಳ ಬದುವಿನ ಮೇಲೆ ದಾರಿ ಇತ್ತು. ಲೆಕ್ಕ ಸರಿಯಾಗುತ್ತಿದೆ ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ. ಆಮೇಲೆ ಮಳೆ ಹಿಡಿಯಿತು. ಕರಿ ಮಣ್ಣಿನ ಎರೆ ಹೊಲದಲ್ಲಿ ಮಳೆ ಬಂದಾಗ ನಡೆದವರಿಗೆ ನಾನು ಹೇಳಬೇಕಾದ್ದಿಲ್ಲ. ಒಂದೊಂದು ಕಾಲಿಗೂ ಒಂದೊಂದು ಬುಟ್ಟಿ ಮಣ್ಣು ಅಂಟುತ್ತದೆ. ಕೆರೆದು ಒಗೆದು ನಾಲ್ಕು ಹೆಜ್ಜೆ ಹೋದರೆ ಮತ್ತೆ ಅಷ್ಟೇ. ಚಪ್ಪಲಿ ಕೈಗೆ ಬಂದವು. ಒಂದು ಹಳ್ಳ ತೊಡೆಮಟ್ಟ ಬಂದಿತ್ತು, ಅದು ಇಳಿಯಲಿ ಎಂದು ದಂಡೆಯಲ್ಲಿ ನಿಂತೆ. ನಿಂತದ್ದು ಎಷ್ಟು ಹೊತ್ತೋ ತಿಳಿಯದು. ಮೂರು ಗಂಟೆಗೆ ಸಿರುಗುಪ್ಪದಲ್ಲಿ ಇರಬೇಕಾದವನು ಮೂರು ಗಂಟೆಗೆ ಕಾಲುವೆಯ ಮುಂದೆ ಬಂದು ನಿಂತೆ.

ಎರಡೂ ಕಡೆ ತೋಡಿ ಹಾಕಿದ ಮಣ್ಣಿನ ದಿಬ್ಬ, ನಡುವೆ ಆಳಕ್ಕೆ ಅಗೆದ ಹಾದಿ, ತಳದಲ್ಲಿ ಕೆಂಪು ರಾಡಿ ನೀರು. ಇಳಿದರೆ ಹತ್ತುವಂತಿರಲಿಲ್ಲ, ದಿಬ್ಬದ ಮಣ್ಣು ಕುಸಿಯುತ್ತಿತ್ತು. ಮಳೆಗೆ ಕೆಲಸ ನಿಂತು, ಮಣ್ಣು ಹೊರುವ ತೆಲುಗು ಜನ ಚಾಪೆಯ ಗುಡಿಸಲುಗಳಲ್ಲಿ ಕೂತಿದ್ದರು. ಅವರಲ್ಲೊಬ್ಬ ಮುದುಕಿ, ರಸ್ತೆ ಇರುವಾಗ ಇಲ್ಲಿಗೇಕೆ ಬಂದೆ ನಾಯನಾ ಎಂದು ತೆಲುಗಿನಲ್ಲಿ ಕೇಳಿದಳು. ನನಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ದಾಟುವ ಜಾಗ ಎಲ್ಲಿದೆ ಎಂದಷ್ಟೇ ಕೇಳಿದೆ. ಹಲಗೆ ಹಾಸಿದ ಜಾಗ ಪಡುವಣಕ್ಕೆ ಎರಡು ಮೈಲಿಯಾಚೆ ಇದೆ ಎಂದು ಕೈ ತೋರಿಸಿದಳು. ಎರಡು ಮೈಲಿ ಹೋಗಿ, ದಾಟಿ, ಆಚೆಯ ದಂಡೆಯಲ್ಲಿ ಎರಡು ಮೈಲಿ ತಿರುಗಿ ಬಂದೆ, ಯಾಕೆಂದರೆ ನನ್ನ ನೂಲಿನ ಗೆರೆ ಅಲ್ಲಿತ್ತು. ಅಷ್ಟಾದ ಮೇಲೂ ನನಗೆ ಗೆರೆ ಬೇಕಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಸಿರುಗುಪ್ಪ ಮುಟ್ಟಿದೆ. ಅಪ್ಪ ಹೇಳುತ್ತಿದ್ದ ಹೊತ್ತೇ ಅದು. ಮಾವನ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಣ್ಣುಮಗಳು ಹೊರಗೆ ಬಂದು, ಮೊಣಕಾಲವರೆಗೆ ಮಣ್ಣಾದ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಬೆಳಕು ಹರಿಯುತ್ತಲೇ ಹುಡುಗಿಗೆ ನೋವು ಮೀರಿತಂತೆ. ಮಾವನಿಗೆ ಮನೆಯಲ್ಲಿ ಕೂತು ನನ್ನನ್ನು ಕಾಯಲು ಧೈರ್ಯವಾಗಲಿಲ್ಲ. ನನ್ನನ್ನು ಕೇಳದೆ ಬಳ್ಳಾರಿಗೆ ಒಯ್ಯಲೂ ಧೈರ್ಯವಾಗಲಿಲ್ಲ. ಎರಡಕ್ಕೂ ಸೇರಿಸಿ ಒಂದು ದಾರಿ ಕಂಡುಕೊಂಡರು. ಬೆಳಗಿನ ಮೋಟಾರಿಗೆ ಮಗಳನ್ನು ಮಲಗಿಸಿಕೊಂಡು ಹೊರಡುವುದು, ಕೂಡುರಸ್ತೆಯಲ್ಲಿ ಇಳಿಯುವುದು, ಅಳಿಯ ಹೇಗಿದ್ದರೂ ಅಲ್ಲಿಗೆ ಬಂದೇ ಬರುತ್ತಾನೆ, ಹೂಂ ಅನ್ನಿಸಿಕೊಂಡು ಅವನ ಜೊತೆಗೇ ಬಳ್ಳಾರಿಗೆ ಹೋಗುವುದು.

“ದಾರ್ಯಾಗ ಸಿಗಲಿಲ್ಲೇನ್ರಿ?” ಎಂದು ಆಕೆ ಕೇಳಿದಳು.

ಬೆಳಗಾಗುವವರೆಗೆ ಮೋಟಾರು ಇರಲಿಲ್ಲ. ಬೀಗ ಹಾಕಿದ ಮನೆಯ ಕಟ್ಟೆಯ ಮೇಲೆ ಕೂತೆ. ಮರುದಿನ ಮೊದಲ ಮೋಟಾರಿನಲ್ಲಿ ಹೊರಟಾಗ ಕೂಡುರಸ್ತೆಯಲ್ಲಿ ಕಿಟಕಿಯಿಂದ ನೋಡಿದೆ. ಬೇವಿನ ಮರದ ಬುಡದಲ್ಲಿ ಹಾಸಿದ ಜೋಳದ ದಂಟು ಹಾಗೇ ಬಿದ್ದಿತ್ತು, ಒಬ್ಬರು ಮಲಗುವಷ್ಟು ಅಗಲ.

ನಡೆದದ್ದನ್ನು ಅತ್ತೆ ಬಳ್ಳಾರಿಯ ಆಸ್ಪತ್ರೆಯ ಜಗಲಿಯಲ್ಲಿ ಹೇಳಿದಳು. ಹತ್ತು ಗಂಟೆಗೆ ಅವರು ಮರದ ಕೆಳಗೆ ಇಳಿದಿದ್ದರು. ನಾನು ಆಳಿನ ಮಾತು ಕೇಳಿ ರಸ್ತೆ ಹಿಡಿದಿದ್ದರೆ ಅದೇ ಹತ್ತು ಗಂಟೆಗೆ ಅಲ್ಲಿರುತ್ತಿದ್ದೆ. ಕುರುಗೋಡಿನ ಕಡೆಯಿಂದ ಯಾರು ಬಂದರೂ ಮಾವ ಎದ್ದು ನಿಂತು ನೋಡುತ್ತಿದ್ದರಂತೆ. ಬಳ್ಳಾರಿಗೆ ಹೋಗುವ ಮಧ್ಯಾಹ್ನದ ಮೋಟಾರು ಬಂದಾಗ ಹೊರಟುಬಿಡೋಣ ಎಂದು ಅತ್ತೆ ಅತ್ತಳು. ಮಾವನೂ ಎದ್ದರು. ಬೇಡ ಎಂದವಳು ಮಗಳೇ. ಅವರು ಬರುತ್ತಾರೆ, ಬಂದು ಇಲ್ಲಿ ನಮ್ಮನ್ನು ಕಾಣದೆ ಸಿರುಗುಪ್ಪಕ್ಕೆ ಹೋದರೆ ಅಲ್ಲಿಯೂ ಕಾಣುವುದಿಲ್ಲ, ಇನ್ನೊಂದು ಮೋಟಾರು ನೋಡೋಣ ಎಂದಳಂತೆ. ಹಾಗಾಗಿ ಸಂಜೆಯ ಮೋಟಾರಿನವರೆಗೆ ಕಾದರು. ಅದು ಬಂದಾಗ ಮಗಳಿಗೆ ಮಾತಾಡುವ ಶಕ್ತಿ ಉಳಿದಿರಲಿಲ್ಲ, ಆದ್ದರಿಂದ ಹೊರಟರು.

ಆಸ್ಪತ್ರೆಗೆ ಮುಟ್ಟಿದ ಕೂಡಲೇ ವೈದ್ಯೆ ಕೆಲಸಕ್ಕೆ ನಿಂತಿದ್ದರು. ಗಂಡ ಬರಲಿ ಎಂದು ಒಂದು ಗಳಿಗೆಯೂ ಕಾಯಲಿಲ್ಲ, ಕಾಯುವ ಮಾತೇ ಬರುವುದಿಲ್ಲ ಎಂದು ಆಕೆಯೇ ನನಗೆ ಹೇಳಿದರು. ಕೂಸು ಒಳಗೇ ಹೋಗಿತ್ತು. ತಾಯಿಯ ಮಾತನ್ನು ಇನ್ನೂ ಹೇಳುವಂತಿಲ್ಲ, ಮಧ್ಯಾಹ್ನವೇ ತಂದಿದ್ದರೆ ಬೇರೆಯಾಗುತ್ತಿತ್ತು ಎಂದರು. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

ಹೆಂಡತಿಗೆ ಎಚ್ಚರವಿತ್ತು. ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಮಾವ ಅವಳ ತಲೆಯ ಕಡೆಗೆ ನಿಂತಿದ್ದರು. ನಾನು ಮಂಚದ ಹತ್ತಿರ ಹೋದಾಗ ಕೂಸಿನ ಮಾತು ಎತ್ತುತ್ತಾಳೆ ಎಂದುಕೊಂಡೆ.

“ಯಾವ ದಾರೀಲೆ ಬಂದ್ರಿ?” ಎಂದಳು.

ಉತ್ತರ ನನಗೆ ಗೊತ್ತಿತ್ತು. ಹೊಲದಲ್ಲಿ ಬಂದೆ, ನೀನು ಬೇಡ ಎಂದಿದ್ದ ದಾರಿಯಲ್ಲೇ ಬಂದೆ ಎನ್ನಬೇಕಿತ್ತು. ನಾಲಿಗೆ ಬೇರೆಯದನ್ನೇ ಹೇಳಿತು.

“ಸುದ್ದಿ ತಡಾ ಆಗಿ ಮುಟ್ಟಿತು. ಹೊತ್ತು ಇಳದಿತ್ತು.”

“ಹಂಗಾದ್ರ ನಿಮ್ಮ ತಪ್ಪೇನೈತಿ,” ಎಂದು ಅವಳು ನನ್ನ ಕೈ ಮೇಲೆ ಕೈ ಇಟ್ಟಳು. ಮೂರನೆಯ ದಿನ ಜ್ವರವೇರಿ ಹೋದಳು.

ಅವಳ ಮನಸ್ಸು ನೋಯಬಾರದು ಎಂದು ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಮಾವ ಅಲ್ಲಿ ನಿಂತಿದ್ದರು, ನನಗೆ ಹೆದರಿಕೆಯಾಯಿತು, ಅಷ್ಟೇ. ನನ್ನ ಮಾತು ಯಾರ ತಲೆಗೆ ಬೀಳುತ್ತದೆ ಎಂದು ಆಗ ಯೋಚಿಸಲಿಲ್ಲ. ಯೋಚಿಸಿದ್ದರೂ ಹೇಳುತ್ತಿದ್ದೆನೋ ಏನೋ.

ತಿಂಗಳ ತಿಥಿಗೆ ಸಿರುಗುಪ್ಪಕ್ಕೆ ಹೋದಾಗ ಆಳು ಕಾಣಲಿಲ್ಲ. ಎಲೆಯ ಮುಂದೆ ಕೂತಿದ್ದಾಗ ಮಾವ ಅವನ ಸುದ್ದಿ ತೆಗೆದರು. ಬೆಳಗಿನ ಗಂಟೆ ಹೊಡೆಯುವಾಗಲೇ ಚೀಟಿ ಕೊಟ್ಟೆ ಎಂದು ವಾದಿಸಿದನಂತೆ. ಮಾಸ್ತರು ಗುಡ್ಡದ ಹಿಂದಿನಿಂದ ಹೊಲಕ್ಕೆ ಇಳಿದದ್ದನ್ನು ಕಣ್ಣಾರೆ ಕಂಡೆ ಎಂದೂ ಹೇಳಿದನಂತೆ. ಎಲ್ಲೋ ಬಿದ್ದುಕೊಂಡು ಎದ್ದು ಹೋಗಿ, ಈಗ ಓದಿದವನ ಮೇಲೆ ಹಾಕುತ್ತಾನೆ ಎಂದು ಮಾವ ಕಪಾಳಕ್ಕೆ ಬಾರಿಸಿ, ಮನೆ ಬಿಡಿಸಿದ್ದರು. ಅಷ್ಟು ವರ್ಷ ಅವರ ಎತ್ತು ಮೇಯಿಸಿ, ಅವರ ಮಗಳನ್ನು ಹೆಗಲ ಮೇಲೆ ಆಡಿಸಿದವನು. ನಾನು ತಲೆ ಎತ್ತಲಿಲ್ಲ. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ಎರಡನೆಯ ಸಲ ಅನ್ನ ಹಾಕಿಸಿಕೊಂಡದ್ದೂ ನೆನಪಿದೆ.

ಶಾಲೆಯಲ್ಲಿ ಪಾಠ ಮುಂದುವರಿಯಿತು. ವಿಮಾನದ ಲೆಕ್ಕವನ್ನು ಬಿಟ್ಟೆ. ಆಕಾಶದಲ್ಲಿ ಸದ್ದಾದರೆ ಮಕ್ಕಳು ಹೊರಗೆ ಓಡುತ್ತಿದ್ದರು, ನಾನು ಹಲಗೆಯ ಕಡೆ ತಿರುಗಿ ನಿಲ್ಲುತ್ತಿದ್ದೆ. ಮನೆಯಲ್ಲಿ ಒಬ್ಬನೇ ಬೇಳೆ ಬೇಯಿಸುವಾಗ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಎಷ್ಟೋ ಸಲ ಸೀದು ಹೋಗಿದೆ. ಮತ್ತೊಂದು ಮದುವೆಯ ಮಾತು ತಂದವರನ್ನು ಗದರಿ ಕಳಿಸಿದೆ. ಬಳ್ಳಾರಿ ಮೈಸೂರಿಗೆ ಸೇರಿದ ಮೇಲೆ ಶಾಲೆಗೆ ಹೊಸ ನಕಾಶೆ ಬಂತು. ಹಳೆಯದನ್ನು ಇಳಿಸಿ, ಹೊಸದನ್ನು ನಾನೇ ಮೊಳೆಗೆ ತೂಗು ಹಾಕಿ, ಹಿಂದೆ ಸರಿದು ನೋಡಿದೆ. ಕುರುಗೋಡಿಗೂ ಸಿರುಗುಪ್ಪಕ್ಕೂ ನಡುವೆ ಒಂದು ನೀಲಿ ಗೆರೆ. ಅದು ಕಾಲುವೆ. ಆಳು ಅಂದು ಅಂಗಳದಲ್ಲಿ ನಿಂತು ಹೇಳಿದ ಮಾತು ಈಗ ಸರ್ಕಾರದ ಮುದ್ರೆ ಹಾಕಿಸಿಕೊಂಡು ಗೋಡೆಯ ಮೇಲೆ ಬಂದಿತ್ತು. ಅದರ ಕೆಳಗೆ ನಿಂತು ಪಾಠ ಮಾಡಲು ನನ್ನಿಂದ ಆಗಲಿಲ್ಲ. ಶನಿವಾರ ಬಾದನಹಟ್ಟಿಯ ಮೇಲೆ ನಡೆದು, ಬೇವಿನ ಮರದ ಕೆಳಗೆ ಕಾದು, ಮೋಟಾರು ಹಿಡಿದು ಸಿರುಗುಪ್ಪಕ್ಕೆ ಹೋದೆ.

ಮಾವ ಕಟ್ಟೆಯ ಮೇಲೆ ಹುರಿ ಹೊಸೆಯುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಚೀಟಿ ಬೆಳಿಗ್ಗೆಯೇ ಸಿಕ್ಕಿದ್ದು, ಆಳು ಬೇಡ ಎಂದದ್ದು, ನಾನು ನಕಾಶೆ ನೋಡಿದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು. ಅವರ ಕೈ ಹುರಿಯ ಮೇಲೆ ನಿಂತಿತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೇ ಹತ್ತಿರ ಕೂತಿದ್ದೆ.

“ನೇರ ಹೋದ್ರ ಎಷ್ಟು ಉಳೀತಿತ್ತು?” ಎಂದರು.

“ನಾಕು ಮೈಲಿ, ಮಾಮಾ.”

ಅವರು ಹುರಿಯನ್ನು ಪಕ್ಕಕ್ಕಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಒಳಗಿದ್ದ ಅತ್ತೆಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು.

“ಅವ ನನ್ನ ಮುಂದ ಅತ್ತು ಹೇಳಿದ. ನಾ ನಂಬಲಿಲ್ಲ. ಈಗ ಅವನ ಮುಂದ ಹೋಗಿ ನಿಂದ್ರಾಕ ನನಗ ಮುಖ ಇಲ್ಲ. ಕಾಲುವಿ ಮಣ್ಣು ಹೊರಾಕ ಹೋಗ್ಯಾನಂತ. ನೀ ಹೋಗು. ಈ ಸಲ ರಸ್ತಾ ಹಿಡದ ಹೋಗು.”

ರಸ್ತೆ ಹಿಡಿದೇ ಹೋದೆ. ಕಾಲುವೆ ಮುಂದೆ ಮುಂದೆ ಸಾಗಿದಂತೆ ಕೆಲಸದವರ ಗುಡಿಸಲುಗಳೂ ಮುಂದೆ ಹೋಗಿದ್ದವು. ಕೇಳುತ್ತ ಕೇಳುತ್ತ ಎರಡು ದಿನ ನಡೆದೆ. ಹೊಲದ ಮೇಲೆ ಹೋದರೆ ಹತ್ತಿರ ಎಂದು ದಾರಿಯಲ್ಲಿ ಇಬ್ಬರು ಹೇಳಿದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಗುಡಿಸಲಿನ ನೆರಳಲ್ಲಿ ರೊಟ್ಟಿ ತಿನ್ನುತ್ತಿದ್ದವನನ್ನು ಕಂಡೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಏಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ನನ್ನ ಪಾದ ನೋಡಿದ.

“ಕುಂದರ್ರಿ,” ಎಂದ. “ಕಾಲು ಬಾತಾವು.”

ನೀರು ಕೊಟ್ಟ. ಕುಡಿದೆ. ಮಾವನಿಗೆ ನಿಜ ಹೇಳಿ ಬಂದಿದ್ದೇನೆ, ತಿರುಗಿ ಮನೆಗೆ ಬಾ ಎಂದೆ. ಬರುವುದ್ಯಾಕೆ, ಆ ಮನೆಯಲ್ಲಿ ನಾನು ಎತ್ತಿ ಆಡಿಸಿದ ಹುಡುಗಿ ಇಲ್ಲ ಎಂದು ರೊಟ್ಟಿಯನ್ನು ಮಡಚಿ ಬಟ್ಟೆಯಲ್ಲಿ ಕಟ್ಟಿದ. ಕೆಲಸಕ್ಕೆ ಏಳುವ ಹೊತ್ತಾಗಿತ್ತು. ಎದ್ದವನು ಬುಟ್ಟಿ ಕೈಗೆತ್ತಿಕೊಂಡು ನಿಂತ.

“ಅವತ್ತ ನಾ ಹೇಳಿದ್ನಿ, ಮಾಸ್ತರ.”

“ಹೇಳಿದ್ದಿ,” ಎಂದೆ.

ಅವನು ದಿಬ್ಬ ಹತ್ತಿ ಆಚೆ ಇಳಿದು ಹೋದ. ನಾನು ಕಾಲಿನ ಮಣ್ಣು ಕೆರೆದುಕೊಂಡು ಕುರುಗೋಡಿನ ರಸ್ತೆ ಹಿಡಿದೆ.